ಅರ್ಜಿಯಲ್ಲಿ ಅಡಗಿದ ಅಪೇಕ್ಷೆ: ಚಿಕ್ಕೋಡಿ ಸೀಮೆಯ ಪ್ರವೇಶಪತ್ರಗಳನ್ನು ಕುರಿತು

ವಿದ್ಯಾರ್ಥಿಯೊಬ್ಬನು ತಾನು ಸೇರಬಯಸುವ ಕಾಲೇಜಿಗೆ ಬರೆದುಕೊಳ್ಳುವ ಅರ್ಜಿಯಲ್ಲಿ, ಇಲ್ಲಿಯೇ ಏಕೆ ಕಲಿಯಬೇಕೆನ್ನುತ್ತಾನೆಂಬ ಪ್ರಶ್ನೆಗೆ ಏನಾದರೊಂದು ಉತ್ತರವಿರಲೇಬೇಕೆಂದು ಇಂದಿನ ಓದುಗರಿಗೆ ತೋರುವುದು ಸಹಜ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಈ ಐದು ತಾಲೂಕುಗಳ (ಇವುಗಳಲ್ಲಿ ನಿಪ್ಪಾಣಿ, ಕಾಗವಾಡಗಳು ತಾಲೂಕೆನಿಸಿಕೊಂಡುದು ತೀರ ಈಚೆಗೆ) ಮಕ್ಕಳು ಬರೆದ ಅರ್ಜಿಗಳನ್ನು ಪ್ರವೇಶ ಸಮಿತಿಯ ಮೇಜಿನ ಬಳಿ ಕುಳಿತು ಇಪ್ಪತ್ತಕ್ಕೂ ಹೆಚ್ಚು ಮಳೆಗಾಲ ಓದಿದ ನನಗೆ ಅಂಥ ಉತ್ತರವು ಕಣ್ಣಿಗೆ ಬಿದ್ದುದು ಅಪರೂಪ. ಕಂಡುದೆಲ್ಲ ತಂದೆಯ ಹಿಡುವಳಿ, ಮನೆಯ ಉತ್ಪನ್ನ, ಊರಿನ ದೂರ, ಹಾಗೂ ಕೊನೆಗೆ ಕೃಪೆಯ ಯಾಚನೆ. ನಮ್ಮ ಹುಡುಗರಿಗೆ ಉದ್ದೇಶವೆಂಬುದೇ ಇಲ್ಲ, ಬಸ್ಸು ಎಲ್ಲಿ ನಿಲ್ಲುವುದೋ ಅಲ್ಲಿ ಇಳಿಯುತ್ತಾರೆ ಎಂದು ಅಧ್ಯಾಪಕರಾದ ನಾವು ಚಹಾದ ವೇಳೆಗೆ ಆಡಿಕೊಳ್ಳುವುದುಂಟು. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಅಪೇಕ್ಷೆಯು ಆ ಕಾಗದದಲ್ಲಿ ಇದ್ದೇ ಇರುವುದೆಂದೂ, ಅದನ್ನು ನಾವು ಹುಡುಕುವ ಸ್ಥಳದಲ್ಲಿ ಮಾತ್ರ ಅದು ಇರುವುದಿಲ್ಲವೆಂದೂ ಈಗ ನನಗೆ ಮನವರಿಕೆಯಾಗಿದೆ. ಅದನ್ನು ನಿರೂಪಿಸುವುದೇ ಈ ಲೇಖನದ ಪ್ರಯೋಜನ.

ಮೊದಲು ಶಬ್ದಗಳನ್ನು ನೋಡಬೇಕು. ಈ ಸೀಮೆಯಲ್ಲಿ ಇಂಥ ಕಾಗದಕ್ಕೆ ಮೂರು ಹೆಸರುಗಳಿವೆ. ಅರಬ್ಬಿಯಲ್ಲಿ ಹುಟ್ಟಿ ಫಾರಸಿ ದಫ್ತರಗಳ ಮೂಲಕ ನಮಗೆ ಬಂದ ‘ಅರ್ಜಿ’ ಒಂದು. ಮರಾಠಿಯ ನೆರೆಯಿಂದ ಬಳಕೆಗೆ ಬಂದ ‘ವಿನಂತಿ’ ಮತ್ತೊಂದು. ‘ವಿಜ್ಞಾಪನ’ದ ತದ್ಭವವೆನಿಸಿ ಶಾಸನಕಾಲದಿಂದಲೂ ನಡೆದುಬಂದ ‘ಬಿನ್ನಪ’ ಮೂರನೆಯದು. ಶಾಸನಗಳಲ್ಲಿ ‘ಬಿನ್ನಪಂಗೆಯ್ದು’ ಭೂಮಿಯನ್ನು ಪಡೆದ ಪ್ರಸಂಗಗಳನ್ನು ಅವಲೋಕಿಸಿದರೆ, ಬಿನ್ನವಿಸುವವನು ತನ್ನ ವಂಶವನ್ನೂ ಗುರುಪರಂಪರೆಯನ್ನೂ ಹೇಳಿಕೊಂಡು, ದಾನದ ಪುಣ್ಯವು ಕೊಡುವ ಅರಸನಿಗೆ ಸಲ್ಲುವುದೆಂದು ಸೂಚಿಸಿ ಸುಮ್ಮನಾಗುತ್ತಾನೆಯೇ ಹೊರತು ‘ಇದು ನನಗೆ ಬೇಕಾಗಿದೆ’ ಎಂದು ಬಾಯಿಬಿಟ್ಟು ಹೇಳುವುದು ವಿರಳ. ಬೇಡುವವನ ಬಯಕೆಯನ್ನು ಮರೆಮಾಡಿ ಕೊಡುವವನ ಔದಾರ್ಯವನ್ನು ಮುಂದಿಡುವುದು ಈ ಪ್ರಕಾರದ ಮರ್ಯಾದೆ. ಫುಲ್‌ಸ್ಕೇಪ್ ಹಾಳೆಯನ್ನು ಉದ್ದಕ್ಕೆ ಮಡಿಸಿ ಎಡಕ್ಕೆ ಸಮಾಸವನ್ನು (ಖಾಲಿ ಅಂಚನ್ನು) ಬಿಟ್ಟು, ‘ಸಾ॥’, ‘ತಾ॥’, ‘ಜಿ॥’ ಎಂಬ ಎರಡು ಗೀಟಿನ ಸಂಕ್ಷೇಪಗಳೊಡನೆ ತನ್ನ ಊರನ್ನು ಬರೆದು, ‘ಬಡ ವಿದ್ಯಾರ್ಥಿಯಾದ ನಾನು ಬಿನ್ನವಿಸಿಕೊಳ್ಳುವುದೇನೆಂದರೆ’ ಎಂದು ತೊಡಗುವ ಹುಡುಗನು ಈ ಮರ್ಯಾದೆಯನ್ನು ಯಾರಿಂದಲೂ ಕಲಿತವನಲ್ಲ. ಆದರೂ ತಪ್ಪದೆ ಪಾಲಿಸುತ್ತಾನೆ.

ಈ ಮರ್ಯಾದೆಗೆ ಆಧುನಿಕ ಕಾಲದಲ್ಲಿ ಗಟ್ಟಿಯಾದ ಕಾರಣವೂ ದೊರೆಯಿತು. 1949ರ ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ರಾಯಬಾಗವು ಆ ಸಂಸ್ಥಾನಕ್ಕೆ ಸೇರಿತ್ತು; ಚಿಕ್ಕೋಡಿ, ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯ ತಾಲೂಕುಗಳಾಗಿದ್ದುವು. ರಾಜರ್ಷಿ ಶಾಹು ಮಹಾರಾಜರು 1902ರ ಜುಲೈ 26ರ ಆಜ್ಞೆಯಿಂದ ತಮ್ಮ ಸಂಸ್ಥಾನದಲ್ಲಿ ತೆರವಾಗುವ ನೌಕರಿಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದ ವರ್ಗಗಳಿಗೆ ಮೀಸಲಿರಿಸಿದುದು ಪ್ರಸಿದ್ಧವಾದ ಸಂಗತಿ. ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರವಾದುದು ಅವರ ಕಾಲದ ಬೋರ್ಡಿಂಗುಗಳು: 1901ರಲ್ಲಿ ಮರಾಠಾ ಹಾಗೂ ಜೈನ ವಿದ್ಯಾರ್ಥಿಗಳಿಗೆ, 1906ರಲ್ಲಿ ಮುಸಲ್ಮಾನರಿಗೆ, 1907ರಲ್ಲಿ ಲಿಂಗಾಯತರಿಗೆ, 1908ರಲ್ಲಿ ಮಿಸ್ ಕ್ಲಾರ್ಕ್ ಅವರ ಹೆಸರಿನಲ್ಲಿ ಅಸ್ಪೃಶ್ಯರೆನಿಸಿದವರಿಗೆ ಎಂದು ಒಂದರ ಹಿಂದೊಂದು ತಲೆಯೆತ್ತಿ ಕೊಲ್ಹಾಪುರ ನಗರಕ್ಕೆ ‘ವಸತಿಗೃಹಗಳ ಜನನಿ’ ಎಂಬ ಬಿರುದನ್ನು ತಂದವು. ಬೆಳಗಾವಿಯಲ್ಲಿ 1916ರ ನವೆಂಬರ್ 13ರಂದು ಏಳು ಜನರ ಸಾಹಸದಿಂದ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯು ಸ್ಥಾಪಿತವಾಯಿತು. ತಮ್ಮ ಆಸ್ತಿಯನ್ನೆಲ್ಲ ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡ ಸಿರಸಂಗಿಯ ಲಿಂಗರಾಜರ ಹೆಸರಿನಲ್ಲಿ 1933ರಲ್ಲಿ ಕಾಲೇಜು ಆರಂಭವಾಯಿತು. ಈ ಎಲ್ಲ ದಾನಗಳೂ ಒಂದಿಲ್ಲೊಂದು ಸಮಾಜದ ಮಕ್ಕಳನ್ನು ಉದ್ದೇಶಿಸಿದುವಾದ್ದರಿಂದ ಅರ್ಜಿಯು ಉತ್ತರಿಸಬೇಕಾಗಿದ್ದ ಪ್ರಶ್ನೆ ‘ಏಕೆ’ ಎಂಬುದಲ್ಲ, ‘ಯಾರು’ ಎಂಬುದು. ತಲಾಠಿಯ ಮತ್ತು ಮಾಮಲೆದಾರರ ಸಹಿಯುಳ್ಳ ದಾಖಲೆಗಳನ್ನು ಲಗತ್ತಿಸಿ, ತಾನು ಯಾರ ಮಗ, ಯಾವ ಜಾತಿ, ಎಷ್ಟು ಎಕರೆ ಎಂಬುದನ್ನು ಸಿದ್ಧಪಡಿಸಿದವನಿಗೆ ಊಟ, ಕೋಣೆ, ಫ್ರೀಶಿಪ್ ದೊರೆಯುವಂತಿದ್ದರೆ, ತನ್ನ ಮನಸ್ಸಿನ ಒಲವನ್ನು ಬರೆಯುವುದು ಕಾಗದವನ್ನು ದಂಡಮಾಡಿದಂತೆಯೇ ಸರಿ.

ಹೋಲಿಕೆಗೆ ಅಟ್ಲಾಂಟಿಕದ ಆಚೆಯದನ್ನು ನೋಡಬಹುದು. ಅಭ್ಯರ್ಥಿಯ ಶೀಲ, ಅಭಿರುಚಿ, ಮನೋಧರ್ಮಗಳನ್ನು ವಿಚಾರಿಸುವ ಪದ್ಧತಿಯು ಅಮೆರಿಕೆಯ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ಬಲಗೊಂಡುದು 1920ರ ದಶಕದಲ್ಲಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದು ಬರುತ್ತಿದ್ದ ಯಹೂದ್ಯ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವುದು ಅದರ ಒಳಗಿನ ಅಭಿಪ್ರಾಯವಾಗಿತ್ತೆಂದು ಆ ದೇಶದ ಸಂಶೋಧಕರೇ ತೋರಿಸಿಕೊಟ್ಟಿದ್ದಾರೆ. ಹಾರ್ವರ್ಡಿನ ಅರ್ಜಿಯು ಅಭ್ಯರ್ಥಿಯ ತಂದೆ ಹೆಸರನ್ನು ಬದಲಿಸಿಕೊಂಡಿದ್ದಾನೆಯೆ ಎಂದು ಸಹ ಕೇಳುತ್ತಿತ್ತು. ಹೀಗೆ ಅತ್ತ ಮನಸ್ಸನ್ನು ವಿಚಾರಿಸುವ ನೆವದಿಂದ ಬಾಗಿಲು ಮುಚ್ಚುತ್ತಿದ್ದ ವರ್ಷಗಳಲ್ಲಿಯೇ ಇತ್ತ ಕೊಲ್ಹಾಪುರದಲ್ಲಿ ಜಾತಿಯನ್ನು ಕೇಳಿ ಬಾಗಿಲು ತೆರೆಯುತ್ತಿದ್ದರು. ‘ಏಕೆ’ ಎಂಬ ಪ್ರಶ್ನೆಯೇ ಉದಾತ್ತವಾದುದು, ‘ಯಾರು’ ಎಂಬುದು ಹೀನವಾದುದು ಎಂದು ತೂಗಿಬಿಡುವ ಮುನ್ನ ಇಷ್ಟನ್ನು ಗಮನಿಸುವುದು ಲೇಸು. ಜಾತಿಯ ಅಂಕಣವು ಒಬ್ಬನಿಗೆ ತೆರೆದ ಬಾಗಿಲು ಪಕ್ಕದ ಮನೆಯವನಿಗೆ ಗೋಡೆಯೂ ಆಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ನಿಪ್ಪಾಣಿಯಲ್ಲಿ 1925ರ ಏಪ್ರಿಲಿನಲ್ಲಿ ನೆರೆದ ಮುಂಬಯಿ ಪ್ರಾಂತದ ಅಸ್ಪೃಶ್ಯರ ಪರಿಷತ್ತಿಗೆ ಬಂದಿದ್ದ ಡಾ. ಅಂಬೇಡ್ಕರರು ಸ್ವತಃ ಇಂಥ ಒಂದು ಅರ್ಜಿಯಿಂದ ಪರದೇಶಕ್ಕೆ ಹೋಗಿಬಂದವರು. 1913ರಲ್ಲಿ ಬರೋಡೆಯ ವಿದ್ಯಾರ್ಥಿವೇತನವನ್ನು ಬೇಡಿದಾಗ, ಏನನ್ನು ಕಲಿಯುವೆ, ಕಲಿತು ಏನು ಮಾಡುವೆ ಎಂದು ಸಯಾಜಿರಾವ್ ಮಹಾರಾಜರು ಎದುರಿನಲ್ಲಿಯೇ ವಿಚಾರಿಸಿದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಆದರೆ ಸಹಿಯಾದ ಕರಾರಿನಲ್ಲಿದ್ದುದು ಮರಳಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡತಕ್ಕದ್ದೆಂಬ ಷರತ್ತು. ಉದ್ದೇಶವು ಬಾಯಿಮಾತಿನಲ್ಲಿ ಉಳಿದು ಋಣವು ಕಾಗದಕ್ಕೆ ಇಳಿಯುವ ಈ ವಿಭಾಗವನ್ನು ನಮ್ಮ ಪ್ರವೇಶಪತ್ರಗಳಲ್ಲಿಯೂ ಎಡೆಬಿಡದೆ ಕಾಣುತ್ತೇವೆ. ಆದುದರಿಂದ ಸಂಶೋಧಕನು ಓದಬೇಕಾದುದು ಕಾಗದವನ್ನಷ್ಟೆ ಅಲ್ಲ, ಅದನ್ನು ಒಪ್ಪಿಸುವಾಗಿನ ಮಾತನ್ನೂ ಕೂಡ.

ಇನ್ನು ಕಾಲೇಜಿನ ಆಯ್ಕೆ. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು, 1919ರಲ್ಲಿ ಸಾಂಗಲಿಯಲ್ಲಿ ವಿಲಿಂಗ್ಡನ್ ಕಾಲೇಜು ತೆರೆದ ಮೇಲೆ, ಅದಾಗಲೇ ಇದ್ದ ಕೊಲ್ಹಾಪುರದ ರಾಜಾರಾಮ ಕಾಲೇಜಿನೊಡನೆ, ಈ ಸೀಮೆಯ ಹುಡುಗನಿಗೆ ಮೂರು ದಿಕ್ಕುಗಳು ಕಾಣುವಂತಾದುವು. ಮೀರಜದಿಂದ ಹೊರಟ ರೈಲು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್‌ಗಳನ್ನು ಹಾದು ಬೆಳಗಾವಿಯತ್ತ ಸಾಗುತ್ತದಷ್ಟೆ. ಒಂದೇ ನಿಲ್ದಾಣದಲ್ಲಿ ನಿಂತವನು ಉತ್ತರದ ಗಾಡಿ ಹಿಡಿದರೆ ಮರಾಠಿಯ ಪರಿಸರ, ದಕ್ಷಿಣದ ಗಾಡಿ ಹಿಡಿದರೆ ಕನ್ನಡದ ಪರಿಸರ. ಚಿಕ್ಕೋಡಿ ತಾಲೂಕಿನ ಸದಲಗೆಯಲ್ಲಿ 1906ರಲ್ಲಿ ಜನಿಸಿದ ಆ. ನೇ. ಉಪಾಧ್ಯೆಯವರು ಓದಿದ್ದು ಬೆಳಗಾವಿಯ ಗಿಲಗಂಚಿ ಅರಟಾಳ ಹೈಸ್ಕೂಲಿನಲ್ಲಿ. ಮೂರು ದಶಕಗಳ ಕಾಲ ಅರ್ಧಮಾಗಧಿಯನ್ನು ಕಲಿಸಿದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. 1967ರಲ್ಲಿ ಅಧ್ಯಕ್ಷಪೀಠವನ್ನು ಅಲಂಕರಿಸಿದ್ದು ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ. ಕಡೆಗೆ ಜೈನಶಾಸ್ತ್ರ-ಪ್ರಾಕೃತ ಪೀಠವನ್ನು ಕಟ್ಟಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ. ಗಡಿಯು ಅಂಥವರಿಗೆ ಎರಡು ಬಾಗಿಲುಳ್ಳ ಮನೆಯಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ, ಅದರ ಸುತ್ತಣ ವಾದಗಳು ಆ ಬಾಗಿಲುಗಳಿಗೆ ಅಗಳಿಯನ್ನು ಹಾಕದಿದ್ದರೂ, ಅರ್ಜಿಯಲ್ಲಿನ ‘ಮಾತೃಭಾಷೆ’ ಎಂಬ ನಿರುಪದ್ರವಿಯಾದ ಅಂಕಣಕ್ಕೆ ಮೊದಲಿರದ ಒಂದು ಭಾರವನ್ನು ತಂದವು. ಕನ್ನಡವೆಂದು ಬರೆದು, ಹೊಡೆದುಹಾಕಿ, ಮರಾಠಿಯೆಂದು ಬರೆದು, ಮತ್ತೆ ಕನ್ನಡವೆಂದು ತಿದ್ದಿದ ಅರ್ಜಿಗಳನ್ನು ನಾನು ಕಂಡಿದ್ದೇನೆ. ಆ ತಿದ್ದುಪಡಿಯೇ ಒಂದು ಪ್ರಬಂಧ.

ನಿಪ್ಪಾಣಿಯ ಕಡೆಯ ಹುಡುಗಿಯೊಬ್ಬಳ ಪ್ರಸಂಗವನ್ನು ಇಲ್ಲಿ ವಿಸ್ತರಿಸಿ ಹೇಳಬೇಕು. ತಾಯಿ ಬೀಡಿ ಕಟ್ಟುವವಳು. ಅರ್ಜಿಯಲ್ಲಿ ತಾಯಿಯ ಬೀಡಿ ಕಾರ್ಡಿನ ನಂಬರನ್ನು ಎರಡು ಕಡೆ ಬರೆದಿದ್ದಳು, ಏಕೆಂದರೆ ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಸರಕಾರದ ಕಲ್ಯಾಣನಿಧಿಯಿಂದ ದೊರೆಯುವ ವಿದ್ಯಾರ್ಥಿವೇತನಕ್ಕೆ ಅದೇ ಆಧಾರ. ಪಾಲಕರ ಸಹಿಯ ಸ್ಥಳದಲ್ಲಿ ಹೆಬ್ಬೆಟ್ಟಿನ ಗುರುತು. ಶಾಯಿಯ ಅಂಚಿನಲ್ಲಿ ತಂಬಾಕಿನ ಒಂದು ಎಳೆ ಅಂಟಿಕೊಂಡು ಒಣಗಿತ್ತು. ‘ಈ ಕಾಲೇಜನ್ನು ಆಯ್ದುಕೊಳ್ಳಲು ಕಾರಣ’ ಎಂಬೊಂದು ಸಾಲನ್ನು ಆ ವರ್ಷ ನಾವೇ ಹೊಸದಾಗಿ ಅಚ್ಚು ಹಾಕಿಸಿದ್ದೆವು. ಆಕೆ ಅಲ್ಲಿ ‘ಬಡತನ’ ಎಂದು ಬರೆದಿದ್ದಳು. ನಮ್ಮ ಹಿರಿಯ ಕಾರಕೂನರು ಕನ್ನಡಕವನ್ನು ಹಣೆಗೇರಿಸಿ, “ಯಾಕವಾ, ಊರ ಬಗಲಾಗಿನ ಕಾಲೇಜ ಬಿಟ್ಟು ದಿನಾ ಬಸ್ಸಿಗೆ ರೊಕ್ಕಾ ಸುರುವಿ ಇಲ್ಲಿಗೆ ಬರತೀನಿ ಅಂತಿ, ಇದು ಹ್ಯಾಂಗ ಬಡತನಾ?” ಎಂದು ಕೇಳಿದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿ ಮರಾಠ್ಯಾಗ ಬರೀಬೇಕಾಗತೈತ್ರೀ. ಓದಾಕ ಬರತೈತಿ, ಮಾತಾಡಾಕ ಬರತೈತಿ, ಮನಸಿನಾಗಿಂದು ಬರ್ಯಾಕ ಮಾತ್ರ ಬರೂದಿಲ್ರೀ” ಎಂದಳು. ಇದಕ್ಕಿಂತ ಸ್ಪಷ್ಟವಾದ ಕಾರಣವನ್ನು ಯಾವ ವಿಶ್ವವಿದ್ಯಾಲಯದ ಅಭ್ಯರ್ಥಿಯೂ ಕೊಟ್ಟಿರಲಾರನು. ಆದರೆ ಅಚ್ಚಿನ ಸಾಲಿನಲ್ಲಿ ಉಳಿದುದು ‘ಬಡತನ’ವೇ, ಕಾರಕೂನರು ಅದರ ಮುಂದೆ ಕೆಂಪು ಶಾಯಿಯಿಂದ ‘ಸರಿ’ ಎಂಬ ಗುರುತನ್ನು ಹಾಕಿದರು.

2021ರಿಂದೀಚೆಗೆ ಪದವಿ ಪ್ರವೇಶವು ರಾಜ್ಯದ ಏಕೀಕೃತ ಆನ್‌ಲೈನ್ ವ್ಯವಸ್ಥೆಗೆ ಸೇರಿ, ಅರ್ಜಿಯ ಕಾಗದವೇ ಮಾಯವಾಗುತ್ತ ನಡೆದಿದೆ. ಪಟ್ಟಿಯಿಂದ ಆರಿಸಿ ಒತ್ತುವುದರಲ್ಲಿ ತಿದ್ದುಪಡಿಗೆ ಎಡೆಯಿಲ್ಲ, ತಂಬಾಕಿನ ಎಳೆಗೂ ಇಲ್ಲ. ಇದನ್ನು ಕುರಿತು ಹೆಚ್ಚು ಹೇಳಲು ನನಗೆ ಅಧಿಕಾರವಿಲ್ಲ. ನಾನು ಆ ಹೊತ್ತಿಗೆ ನಿವೃತ್ತನಾಗಿದ್ದೆ.

ಆದರೂ ಹೊರರಾಜ್ಯದ ವಿದ್ಯಾಲಯಗಳಿಗೆ ಪ್ರಯತ್ನಿಸುವ ಕೆಲವರು, ‘ಏಕೆ’ ಎಂಬುದನ್ನೇ ಐದುನೂರು ಶಬ್ದಗಳಲ್ಲಿ ಬರೆಯಬೇಕಾಗಿ ಬಂದಾಗ, ಈಗಲೂ ಮನೆಗೆ ಬರುತ್ತಾರೆ. ಅಥಣಿಯ ಕಡೆಯ ಒಬ್ಬ ಹುಡುಗನಿಗೆ ಅರ್ಥಶಾಸ್ತ್ರವನ್ನು ಕಲಿಯುವ ಹಂಬಲ. ಬರೆದು ತಂದ ಪ್ರಬಂಧದ ತುಂಬ ದೇಶಸೇವೆ, ಸಮಾಜಸೇವೆ. ಅದನ್ನು ಬದಿಗಿಟ್ಟು, ಅರ್ಥಶಾಸ್ತ್ರದ ಗೀಳು ಹತ್ತಿದ್ದು ಯಾವಾಗ ಎಂದು ಕೇಳಿದೆ. ತಂದೆಯೊಡನೆ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕಾರ್ಖಾನೆಗೆ ಹೋಗಿ ಇಡೀ ರಾತ್ರಿ ಪಾಳಿ ಕಾದುದನ್ನೂ, ವೇಬ್ರಿಜ್ಜಿನ ಚೀಟಿಯಲ್ಲಿನ ಟನ್ನಿಗೂ ಕಡೆಗೆ ಕೈಗೆ ಬಂದ ಬಿಲ್ಲಿಗೂ ತಾನು ಶಾಲೆಯ ಪಾಟಿಯ ಮೇಲೆ ಮೂರು ಸಲ ಲೆಕ್ಕ ಹಾಕಿದರೂ ತಾಳೆಯಾಗದ್ದನ್ನೂ, ಕಟಾವಿನ ಗ್ಯಾಂಗಿಗೆ ಕೊಟ್ಟ ಮುಂಗಡವನ್ನು ಯಾರ ಪಾಲಿನಿಂದ ಮುರಿದುಕೊಂಡರೆಂದು ಕೇಳಿ ಅಪ್ಪನಿಂದ ಬೈಗುಳ ತಿಂದುದನ್ನೂ ಅವನು ಅರ್ಧ ತಾಸು ಹೇಳಿದನು. “ಇದನ್ನೇ ಬರೆ” ಎಂದೆ. ಅವನು ನಕ್ಕು, “ಇದು ಕಾರಣ ಅಲ್ರೀ ಸರ್, ಮನೀ ಸುದ್ದಿ” ಎಂದನು. ಒತ್ತಾಯ ಮಾಡಿದ ಮೇಲೆ ಬರೆದನು. ಬರೆದು, ತೋರಿಸಿ, ಹೋಗುವ ಮುನ್ನ ಮೇಲ್ತುದಿಯಲ್ಲಿ ಉಳಿದಿದ್ದ ಚೂರು ಸ್ಥಳದಲ್ಲಿ ಸಣ್ಣ ಅಕ್ಷರಗಳಿಂದ ‘ಬಡ ರೈತ ಕುಟುಂಬದ ವಿದ್ಯಾರ್ಥಿಯಾದ ನಾನು’ ಎಂಬುದನ್ನು ಸೇರಿಸಿಕೊಂಡನು. ನಾನು ಅದನ್ನು ಹೊಡೆದುಹಾಕಲಿಲ್ಲ.