ಥೈರಾಯ್ಡ್ ವರದಿ ‘ನಾರ್ಮಲ್’, ಆದರೂ ಸುಸ್ತು ಏಕೆ?

ಪ್ರಯೋಗಾಲಯದ ವರದಿಯಲ್ಲಿ ಎಲ್ಲ ಅಂಕಿಗಳೂ ಮಿತಿಯೊಳಗಿವೆ. ವೈದ್ಯರೂ ‘ಥೈರಾಯ್ಡ್ ಸರಿಯಾಗಿದೆ’ ಎಂದಿದ್ದಾರೆ. ಆದರೆ ಬೆಳಗ್ಗೆ ಏಳಲಾಗದ ಆಯಾಸ, ಕೂದಲು ಉದುರುವಿಕೆ, ಮಲಬದ್ಧತೆ, ಇಳಿಯದ ತೂಕ ಹಾಗೆಯೇ ಉಳಿದಿವೆ. ಮಾತ್ರೆಯಿಂದ ಟಿಎಸ್‌ಎಚ್ ಹತೋಟಿಗೆ ಬಂದವರಲ್ಲೂ ನೂರಕ್ಕೆ ಐದರಿಂದ ಹತ್ತು ಮಂದಿ ಹೀಗೆ ಹೇಳಿಕೊಳ್ಳುತ್ತಾರೆಂಬುದು ತಜ್ಞರ ಅಂದಾಜು. ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಮೀಕ್ಷೆಯು ವಯಸ್ಕರಲ್ಲಿ ಸುಮಾರು ಶೇ 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆ ಇರುವುದನ್ನು ಗುರುತಿಸಿತ್ತು. ಹಾಗಾಗಿ ಇದು ಒಂದೆರಡು ಮನೆಗಳ ಮಾತಲ್ಲ.

ಟಿಎಸ್‌ಎಚ್ ಎಂಬುದು ಥೈರಾಯ್ಡ್ ತಯಾರಿಸುವ ಹಾರ್ಮೋನ್ ಅಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡ್‌ಗೆ ಕಳುಹಿಸುವ ಆಜ್ಞೆ ಅದು. ಥೈರಾಯ್ಡ್ ಸೋತರೆ ಆಜ್ಞೆ ಜೋರಾಗಿ ಅಂಕಿ ಏರುತ್ತದೆ. ಹಾರ್ಮೋನ್ ಅತಿಯಾದರೆ ಇಳಿಯುತ್ತದೆ. ವಯಸ್ಕರಲ್ಲಿ ಸಾಮಾನ್ಯ ಮಿತಿ ಸರಿಸುಮಾರು 0.4ರಿಂದ 4ರವರೆಗೆ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಇದು ತುಸು ಬದಲಾಗುವುದರಿಂದ ಒಂದೇ ಕಡೆ ಪರೀಕ್ಷಿಸಿಕೊಳ್ಳುವುದು ಒಳಿತು. ರಾತ್ರಿ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುವುದು ಟಿಎಸ್‌ಎಚ್‌ನ ಸ್ವಭಾವ. ಕಳೆದ ಬಾರಿ ಬೆಳಗ್ಗೆ, ಈ ಬಾರಿ ಸಂಜೆ ರಕ್ತ ಕೊಟ್ಟು ಎರಡನ್ನೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಮಾತ್ರೆಯ ಪ್ರಮಾಣ ಬದಲಿಸಿದ ಹದಿನೈದು ದಿನಕ್ಕೇ ಪರೀಕ್ಷೆ ಮಾಡಿಸುವವರಿದ್ದಾರೆ. ಅದು ಹಣದ ವ್ಯಯವಷ್ಟೆ. ಟಿಎಸ್‌ಎಚ್ ಹೊಸ ಮಟ್ಟಕ್ಕೆ ನೆಲೆಗೊಳ್ಳಲು 6ರಿಂದ 8 ವಾರ ಬೇಕು. ಇನ್ನು ಕೆಲವರು ವಾರಗಟ್ಟಲೆ ಮಾತ್ರೆ ಮರೆತು, ಪರೀಕ್ಷೆಗೆ ಮುನ್ನ ನಾಲ್ಕು ದಿನ ತಪ್ಪದೆ ನುಂಗುತ್ತಾರೆ. ಆಗ ಫ್ರೀ ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ಏರಿರುತ್ತದೆ. ವರದಿ ಸುಳ್ಳು ಹೇಳುವುದಿಲ್ಲ!

ನಮ್ಮವರ ಬೆಳಗಿನ ಫಿಲ್ಟರ್ ಕಾಫಿಯೂ ಇಲ್ಲಿ ಆರೋಪಿಯೇ. ಮಾತ್ರೆಯೊಂದಿಗೆ ಕಾಫಿ ಕುಡಿದರೆ ಔಷಧ ರಕ್ತ ಸೇರುವುದು ಕುಗ್ಗುತ್ತದೆ. ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧದಿಂದ ಒಂದು ತಾಸು ಕಾಯಬೇಕು. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ತಾಸಿನ ಅಂತರ ಬೇಕು. ಕೂದಲಿಗೆಂದು ಸೇವಿಸುವ ಬಯೋಟಿನ್‌ನ ಕಥೆಯೇ ಬೇರೆ. ಅದು ದೇಹಕ್ಕಲ್ಲ, ಪರೀಕ್ಷಾ ಯಂತ್ರಕ್ಕೆ ಮೋಸ ಮಾಡುತ್ತದೆ: ಕೆಲವು ವಿಧಾನಗಳಲ್ಲಿ ಟಿಎಸ್‌ಎಚ್ ಕಡಿಮೆಯೆಂದೂ ಟಿ4 ಹೆಚ್ಚೆಂದೂ ತೋರಿಸುತ್ತದೆ. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಈ ಬಗೆಯ ಪರೀಕ್ಷಾ ದೋಷಗಳ ಕುರಿತು ಎಚ್ಚರಿಸಿದ್ದರು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು.

ಟಿಎಸ್‌ಎಚ್ ಒಂದನ್ನೇ ನೋಡಿ ನಿರಾಳರಾಗುವುದು ಅಪಾಯಕಾರಿಯಾಗುವ ಸಂದರ್ಭವೂ ಉಂಟು. ಆಜ್ಞೆ ಕಳುಹಿಸಬೇಕಾದ ಪಿಟ್ಯುಟರಿಯೇ ಹಾಳಾಗಿದ್ದರೆ ಟಿಎಸ್‌ಎಚ್ ‘ನಾರ್ಮಲ್’ ಎಂದೇ ಬರಬಹುದು, ಫ್ರೀ ಟಿ4 ಮಾತ್ರ ತಗ್ಗಿರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ, ಬಳಿಕ ಎದೆಹಾಲು ಬಾರದೆ, ಮುಟ್ಟು ಮರಳದೆ, ವರ್ಷಗಟ್ಟಲೆ ನಿಶ್ಶಕ್ತಿಯಿಂದ ಬಳಲುವ ತಾಯಂದಿರಲ್ಲಿ ಕಾಣುವ ಶೀಹಾನ್ ಸಿಂಡ್ರೋಮ್ ಇಂಥದ್ದೇ. ಇವರಲ್ಲಿ ಕಾರ್ಟಿಸಾಲ್ ಕೊರತೆಯನ್ನು ಸರಿಪಡಿಸದೆ ಥೈರಾಕ್ಸಿನ್ ಆರಂಭಿಸಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಹೆರಿಗೆಯ ಆ ಹಳೆಯ ವಿವರವನ್ನು ವೈದ್ಯರು ಕೇಳದಿದ್ದರೂ ಹೇಳಲೇಬೇಕು.

ಪ್ಯಾಕೇಜಿನಲ್ಲಿ ಬರುವ ಟಿ3ಗೆ ಜನ ಅನಗತ್ಯ ಬೆಲೆ ಕೊಡುತ್ತಾರೆ. ಕೊರತೆಯಲ್ಲಿ ಕೊನೆಗೆ ಇಳಿಯುವುದು ಅದೇ. ಟಿಪಿಒ ಪ್ರತಿಕಾಯ ಪರೀಕ್ಷೆಯು ರೋಗದ ಮೂಲ ತಿಳಿಸುತ್ತದೆ. ಒಮ್ಮೆ ಮಾಡಿಸಿದರೆ ಸಾಕು.

ಟಿಎಸ್‌ಎಚ್ 10ರೊಳಗೆ ತುಸುವೇ ಏರಿ ಟಿ4 ಸರಿಯಿದ್ದರೆ? 65 ದಾಟಿದವರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರೆಯಿಂದ ಆಯಾಸವೇನೂ ಕಡಿಮೆಯಾಗಲಿಲ್ಲ. ಗರ್ಭಿಣಿಯರ ಲೆಕ್ಕ ಬೇರೆ, ಅವರು ತಡಮಾಡದೆ ವೈದ್ಯರನ್ನು ಕಾಣಬೇಕು.

ಎಲ್ಲವೂ ಸರಿಯಿದ್ದು ಸುಸ್ತು ಉಳಿದರೆ ಮಾತ್ರೆಯನ್ನು ತಾವಾಗಿಯೇ ಹೆಚ್ಚಿಸಿಕೊಳ್ಳಬಾರದು. ಅತಿಯಾದ ಥೈರಾಕ್ಸಿನ್ ಎದೆಬಡಿತದ ಲಯ ಕೆಡಿಸುತ್ತದೆ, ಮೂಳೆ ಸವೆಸುತ್ತದೆ. ರಕ್ತಹೀನತೆ, ಬಿ12 ಕೊರತೆ, ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ ಇವೆಲ್ಲ ಇದೇ ಲಕ್ಷಣಗಳನ್ನು ತೋರುತ್ತವೆ. ಮುಂದಿನ ಭೇಟಿಗೆ ಹಳೆಯ ವರದಿಗಳೊಂದಿಗೆ, ಸೇವಿಸುವ ಎಲ್ಲ ಮಾತ್ರೆಗಳ ಹೆಸರು ಮತ್ತು ಹೊತ್ತನ್ನು ಬರೆದುಕೊಂಡು ಹೋದರೆ ಈ ಹುಡುಕಾಟ ಅಲ್ಲಿಂದಲೇ ಶುರುವಾಗಬಹುದು.