ಪದ ಪರಿಚಯ: ಸ್ಮಾಲಿ

ಆಂಡ್ರಾಯ್ಡ್ ಆಪ್‌ಗಳನ್ನು ಬಿಚ್ಚಿ ನೋಡುವವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಪದ ‘ಸ್ಮಾಲಿ’. ಐಸ್‌ಲ್ಯಾಂಡಿನ ಭಾಷೆಯಲ್ಲಿ ಇದರ ಮೂಲಾರ್ಥ ಕುರಿಗಾಹಿ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿಟ್ಟ ಕುರಿಗಳನ್ನು ಚಳಿಗೆ ಮುನ್ನ ಒಟ್ಟುಗೂಡಿಸಿ ಹೊಡೆದುಕೊಂಡು ಬರುವವನು. ಹೊಸ ವಸ್ತುಗಳಿಗೂ ತಮ್ಮ ಹಳೆಯ ಪದಗಳನ್ನೇ ಹುಡುಕುವ ಆ ನಾಡಿನವರು ಕಂಪ್ಯೂಟರಿನಲ್ಲಿ ಕೋಡ್ ಜೋಡಿಸುವ ಅಸೆಂಬ್ಲರ್‌ಗೂ ಇದೇ ಹೆಸರಿಟ್ಟರು. ಸೊಗಸಾದ ಆಯ್ಕೆ.

ಪದ ಆಂಡ್ರಾಯ್ಡ್‌ಗೆ ಬಂದದ್ದು ಡಾಲ್ವಿಕ್ ದೆಸೆಯಿಂದ. ಆಂಡ್ರಾಯ್ಡಿನ ಮೊದಲ ವರ್ಚುವಲ್ ಮಷೀನಿಗೆ ಡ್ಯಾನ್ ಬೋರ್ನ್‌ಸ್ಟೀನ್ ಅವರು ಐಸ್‌ಲ್ಯಾಂಡಿನ ಮೀನುಗಾರರ ಊರಾದ ಡಾಲ್ವಿಕ್‌ನ ಹೆಸರಿಟ್ಟಿದ್ದರು. ಹಾಗಾಗಿ ಅದರ ಕೋಡ್ ಜೋಡಿಸುವ ಟೂಲ್ ‘ಸ್ಮಾಲಿ’, ಬಿಚ್ಚುವ ಟೂಲ್ ‘ಬಾಕ್‌ಸ್ಮಾಲಿ’ ಆಯಿತು. ಈಗ ಟೂಲ್‌ಗಿಂತ ಹೆಚ್ಚಾಗಿ, ಬಿಚ್ಚಿದಾಗ ಸಿಗುವ ಬರಹಕ್ಕೇ ಸ್ಮಾಲಿ ಎನ್ನುತ್ತಾರೆ: ‘ಎಪಿಕೆಟೂಲ್‌ಗೆ ಹಾಕಿ ಸ್ಮಾಲಿ ತೆಗಿ.’

ಎಪಿಕೆಟೂಲ್ ಒಂದೇ ಕಮಾಂಡಿಗೆ ಆಪ್‌ನೊಳಗೆ ಡಾಲ್ವಿಕ್ ಕೋಡ್ ಇರುವ ಡೆಕ್ಸ್ ಫೈಲನ್ನು ಕ್ಲಾಸಿಗೊಂದು ಸ್ಮಾಲಿ ಫೈಲ್‌ನಂತೆ ಹರಡಿಡುತ್ತದೆ. ಓದುವುದು ಮಾತ್ರ ಸಲೀಸಲ್ಲ. ಡೇಟಾದ ಬಗೆಗಳಿಗೆ ಒಂದೊಂದೇ ಅಕ್ಷರದ ಗುರುತು. ‘ಬಿ’ ಅಕ್ಷರ ಬೈಟ್‌ಗೆ ಹೋಗಿರುವುದರಿಂದ ಬೂಲಿಯನ್‌ಗೆ ‘ಜೆಡ್’. ‘ಎಲ್’ ಕ್ಲಾಸ್ ಹೆಸರುಗಳ ಮುಂದೆ ಕೂತಿರುವುದರಿಂದ ಲಾಂಗ್‌ಗೆ ‘ಜೆ’. ಸುಮ್ಮನೆ ಓದಿಕೊಳ್ಳಲು ಜ್ಯಾಡ್ಎಕ್ಸ್ ಎಂಬ ಡೀಕಂಪೈಲರ್ ಕೊಡುವ ಜಾವಾ ಸಾಕು. ಆದರೆ ಆ ಜಾವಾ ಬರೀ ಟೂಲ್‌ನ ಅಂದಾಜು; ಎಷ್ಟೋ ಸಲ ಮತ್ತೆ ಕಂಪೈಲ್ ಆಗುವುದೇ ಇಲ್ಲ. ತಿದ್ದಿ, ಆಪ್ ಮತ್ತೆ ಕಟ್ಟಬೇಕೆಂದರೆ ಸ್ಮಾಲಿಯೇ ಗತಿ.

2014ರಲ್ಲಿ ಬಂದ ಆಂಡ್ರಾಯ್ಡ್ 5.0ರಲ್ಲಿ ಡಾಲ್ವಿಕ್ ಜಾಗವನ್ನು ಎಆರ್‌ಟಿ ಎಂಬ ರನ್‌ಟೈಮ್ ಹಿಡಿಯಿತು. ಅದೂ ಡೆಕ್ಸ್ ಫೈಲನ್ನೇ ಓದುವುದರಿಂದ ಸ್ಮಾಲಿಯ ಕೆಲಸಕ್ಕೆ ಕುತ್ತು ಬರಲಿಲ್ಲ.