ಇಂಗ್ಲಿಷ್‌ನ ಅತಿಶಯ ಗುಣವಾಚಕಗಳು

ಸ್ವರೂಪ

ಒಂದು ಗುಂಪಿನಲ್ಲಿ ಯಾವುದಾದರೊಂದು ಗುಣ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ಯಾವುದರಲ್ಲಿ ಎಂದು ತಿಳಿಸುವ ಗುಣವಾಚಕದ ರೂಪವೇ ಅತಿಶಯ ರೂಪ. ಇಂಗ್ಲಿಷ್ ವ್ಯಾಕರಣದಲ್ಲಿ ಇದರ ಹೆಸರು ಸೂಪರ್ಲೇಟಿವ್. ಓಲ್ಡ್, ಓಲ್ಡರ್, ಓಲ್ಡೆಸ್ಟ್ ಎಂಬ ತರತಮ ಶ್ರೇಣಿಯಲ್ಲಿ ಇದು ಕೊನೆಯದು. ಕನ್ನಡದಲ್ಲಿ ‘ಹಳೆಯ’ ಎಂಬ ಪದ ರೂಪ ಬದಲಿಸುವುದಿಲ್ಲ. ‘ಎಲ್ಲಕ್ಕಿಂತ’, ‘ಅತ್ಯಂತ’ ಎಂಬ ಪದಗಳು ಆ ಅರ್ಥವನ್ನು ಕೊಡುತ್ತವೆ. ಸಂಸ್ಕೃತದ ಜ್ಯೇಷ್ಠ, ಕನಿಷ್ಠ, ಗರಿಷ್ಠ ಪದಗಳಲ್ಲಿರುವ ‘ಇಷ್ಠ’ ಪ್ರತ್ಯಯವೂ ಇಂಗ್ಲಿಷ್‌ನ ‘ಎಸ್ಟ್’ ಪ್ರತ್ಯಯವೂ ಒಂದೇ ಇಂಡೋ-ಯುರೋಪಿಯನ್ ಮೂಲದವು.

ರೂಪ ರಚನೆ

ಒಂದೇ ಉಚ್ಚಾರಾಂಶದ ಪದಗಳಿಗೆ ಸಾಮಾನ್ಯವಾಗಿ ‘ಎಸ್ಟ್’ ಸೇರುತ್ತದೆ: ಟಾಲ್, ಟಾಲೆಸ್ಟ್. ‘ಬಿಗ್’ ಪದದ ಕೊನೆಯ ಜಿ ಅಕ್ಷರ ‘ಬಿಗ್ಗೆಸ್ಟ್’ನಲ್ಲಿ ಇಮ್ಮಡಿಯಾಗುತ್ತದೆ. ‘ಹ್ಯಾಪಿ’ ಪದದ ಕೊನೆಯ ವೈ ಅಕ್ಷರ ‘ಹ್ಯಾಪಿಯೆಸ್ಟ್’ನಲ್ಲಿ ಐ ಆಗುತ್ತದೆ. ‘ಬ್ಯೂಟಿಫುಲ್’ನಂಥ ದೀರ್ಘ ಪದಗಳ ಹಿಂದೆ ‘ಮೋಸ್ಟ್’ ಬರುತ್ತದೆ. ಗುಡ್-ಬೆಸ್ಟ್, ಬ್ಯಾಡ್-ವರ್ಸ್ಟ್ ನಿಯಮಕ್ಕೆ ಹೊರತಾದವು. ಎರಡೂ ಗುರುತುಗಳನ್ನು ಒಟ್ಟಿಗೆ ಹಚ್ಚಿ ‘ಮೋಸ್ಟ್ ಓಲ್ಡೆಸ್ಟ್’ ಎನ್ನುವುದು ತಪ್ಪು.

ವಾಕ್ಯದಲ್ಲಿ ಸ್ಥಾನ

ನಾಮಪದದೊಡನೆ ಬರುವ ಅತಿಶಯ ರೂಪದ ಹಿಂದೆ ಸಾಮಾನ್ಯವಾಗಿ ‘ದಿ’ ಇರಬೇಕು. ಕನ್ನಡದಲ್ಲಿ ಅಂಥ ಪದವಿಲ್ಲದ ಕಾರಣ ಕಲಿಯುವವರು ಇದನ್ನು ಬಿಡುವುದುಂಟು. ‘ಮೈ ಬೆಸ್ಟ್ ಫ್ರೆಂಡ್’ ಎಂಬಲ್ಲಿ ‘ಮೈ’ ಇರುವುದರಿಂದ ‘ದಿ’ ಬೇಡ.

ಕನ್ನಡದ ‘ಅಲ್ಲಿ’ ಪ್ರತ್ಯಯ ಸ್ಥಳಕ್ಕೂ ಗುಂಪಿಗೂ ಸಲ್ಲುತ್ತದೆ: ಮಾರುಕಟ್ಟೆಯಲ್ಲಿ, ಮೂರರಲ್ಲಿ. ಇಂಗ್ಲಿಷ್ ಇವೆರಡನ್ನು ಬೇರ್ಪಡಿಸುತ್ತದೆ. ಸ್ಥಳಕ್ಕೆ ‘ಇನ್’: ದಿ ಚೀಪೆಸ್ಟ್ ಶಾಪ್ ಇನ್ ರಸೆಲ್ ಮಾರ್ಕೆಟ್. ಎಣಿಸಿದ ಗುಂಪಿಗೆ ‘ಆಫ್’: ದಿ ಚೀಪೆಸ್ಟ್ ಆಫ್ ದಿ ತ್ರೀ. ‘ಎಲ್ಲಕ್ಕಿಂತ’ ಎಂಬುದನ್ನು ನೆನೆದು ‘ಓಲ್ಡೆಸ್ಟ್ ದ್ಯಾನ್ ಆಲ್’ ಎನ್ನಬಾರದು. ‘ದ್ಯಾನ್’ ಸೇರುವುದು ‘ಓಲ್ಡರ್’ ರೂಪಕ್ಕೆ ಮಾತ್ರ.

ಬಳಕೆ

1809ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ಬೆಂಗಳೂರು ದಂಡಿನ ಪರಿಸರವನ್ನು ವರ್ಣಿಸುವಾಗ ಈ ರೂಪ ಮತ್ತೆ ಮತ್ತೆ ಬೇಕಾಗುತ್ತದೆ. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾ ‘ಒನ್ ಆಫ್ ದಿ ಓಲ್ಡೆಸ್ಟ್ ಚರ್ಚಸ್ ಇನ್ ಬೆಂಗಳೂರು’. ‘ಒನ್ ಆಫ್’ ಬಂದಾಗ ನಾಮಪದ ಬಹುವಚನದಲ್ಲಿರಬೇಕು. ಆದ್ದರಿಂದ ‘ಚರ್ಚ್’ ಅಲ್ಲ, ‘ಚರ್ಚಸ್’.

ಅತಿಶಯ ರೂಪ ವ್ಯಾಕರಣದ ದೃಷ್ಟಿಯಿಂದ ಸರಿಯಿದ್ದರೆ ಸಾಲದು, ಹೋಲಿಕೆಯ ವ್ಯಾಪ್ತಿಯೂ ನಿಖರವಾಗಿರಬೇಕು. ಹಲಸೂರಿನ ಸೋಮೇಶ್ವರ ದೇವಾಲಯ ಹಲವು ಕಾಲಘಟ್ಟಗಳಲ್ಲಿ ಬೆಳೆದದ್ದು. ಅದನ್ನು ‘ದಿ ಓಲ್ಡೆಸ್ಟ್’ ಎನ್ನುವ ಮುನ್ನ, ಯಾವ ಊರಿನ ಯಾವ ದೇವಾಲಯಗಳೊಡನೆ ಅದರ ಯಾವ ಭಾಗವನ್ನು ಹೋಲಿಸುತ್ತಿದ್ದೇವೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ಅದು ಖಚಿತವಾಗದಿದ್ದಲ್ಲಿ ‘ಒನ್ ಆಫ್ ದಿ’ ಎಂಬ ರಚನೆಯೇ ಯೋಗ್ಯ.